ಉಕ್ಕಿನ ಮೈಗಾಪು

ಚಿತ್ರದುರ್ಗದ ಸೀಮೆಯ ಚರಿತ್ರೆಯನ್ನು ಬರೆದವರು ಕೋಟೆಯ ಏಳು ಸುತ್ತುಗಳನ್ನೂ, ಅದನ್ನು ಆಳಿದ ನಾಯಕರ ಪರಾಕ್ರಮವನ್ನೂ, 1779ರಲ್ಲಿ ಮದಕರಿನಾಯಕನು ಹೈದರಾಲಿಗೆ ಸೆರೆಸಿಕ್ಕ ದಾರುಣ ಪ್ರಸಂಗವನ್ನೂ ಮನಮುಟ್ಟುವಂತೆ ವರ್ಣಿಸಿದ್ದಾರೆ. ಆದರೆ ಆ ಕೋಟೆಯ ಬತೇರಿಗಳಲ್ಲಿ ಕಾವಲಿದ್ದವರ ಕತ್ತಿ, ಈಟಿ, ಕೋವಿಗಳು ಯುದ್ಧವಿಲ್ಲದ ವರ್ಷಗಳಲ್ಲಿ ತುಕ್ಕಿಗೆ ಆಹಾರವಾಗದೆ ಹೇಗೆ ಉಳಿದವೆಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಆಯುಧವೊಂದರ ಆಯುಷ್ಯದಲ್ಲಿ ಅದು ಪ್ರಯೋಗವಾಗುವ ಕ್ಷಣಗಳು ಎಷ್ಟೋ ಅಲ್ಪ. ಗೋಡೆಯ ಗೂಟದಲ್ಲಿ, ಪೆಟ್ಟಿಗೆಯಲ್ಲಿ, ಧರಿಸಿದವನ ಸೊಂಟದಲ್ಲಿ ಅದು ಸುಮ್ಮನೆ ಕಳೆಯುವ ಕಾಲವೇ ಬಹುಪಾಲು. ಆ ಕಾಲದಲ್ಲಿ ಅದರ ವೈರಿ ಎದುರಾಳಿಯ ಖಡ್ಗವಲ್ಲ. ಗಾಳಿಯ ತೇವ, ಧರಿಸಿದವನ ಬೆವರು, ಮನೆಯವರ ಮರೆವು. ಈ ವೈರಿಗಳಿಂದ ಉಕ್ಕನ್ನು ಕಾಪಾಡಲು ಈ ಸೀಮೆಯ ಜನ ಯಾವ ಉಪಾಯಗಳನ್ನು ಬಲ್ಲವರಾಗಿದ್ದರು, ಹೊರನಾಡಿನಿಂದ ಯಾವುವು ಬಂದುವು, ಬಣ್ಣಗೆಟ್ಟ ರಿವಾಲ್ವರೊಂದನ್ನು ಮುಂದಿಟ್ಟುಕೊಂಡು ಇದಕ್ಕೆ ಯಾವ ಹೊಸ ಲೇಪ ಬಾಳಿಕೆ ಬಂದೀತೆಂದು ಯೋಚಿಸುವ ಇಂದಿನ ಪರವಾನಗಿದಾರನಿಗೆ ಆ ಚರಿತ್ರೆಯಿಂದ ಏನು ದೊರೆಯುತ್ತದೆ ಎಂಬುದನ್ನು ವಿಚಾರಿಸುವುದೇ ಈ ಬರಹದ ಉದ್ದೇಶ.

ಮೊದಲು ನೆಲದ ಮಾತು. ಈ ಜಿಲ್ಲೆಯ ಹಿರಿಯೂರು ಕರ್ನಾಟಕದ ಅತ್ಯಲ್ಪ ಮಳೆಯ ತಾಲ್ಲೂಕುಗಳಲ್ಲಿ ಒಂದು. 1907ರಲ್ಲಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ವಾಣೀವಿಲಾಸ ಸಾಗರದ ಕಟ್ಟೆ ಪೂರ್ಣವಾಗುವ ಮುನ್ನ ಅಲ್ಲಿಯ ಬೇಸಾಯಗಾರನು ಮುಗಿಲನ್ನು ನೋಡಿಯೇ ಬದುಕಬೇಕಾಗಿದ್ದಿತು. ಇಂಥ ಒಣಹವೆಯಲ್ಲಿ ಕಬ್ಬಿಣವು ನಿಧಾನವಾಗಿ ಕೆಡುತ್ತದೆ. ಪಶ್ಚಿಮಕ್ಕೆ ಸರಿದು ಹೊಳಲ್ಕೆರೆಯ ಅಡಕೆಯ ತೋಟಗಳನ್ನೂ ಹೊಸದುರ್ಗದ ತೆಂಗಿನ ಸಾಲುಗಳನ್ನೂ ಹೊಕ್ಕರೆ ತಂಪು ಹೆಚ್ಚುತ್ತದೆ, ತುಕ್ಕಿನ ವೇಗವೂ ಹೆಚ್ಚುತ್ತದೆ. ಹೀಗೆ ಒಂದೇ ಜಿಲ್ಲೆಯೊಳಗೆ ಕಬ್ಬಿಣದ ಆಯುಷ್ಯ ಊರಿಂದೂರಿಗೆ ಬೇರೆಯಾಗುತ್ತದೆ. ಆದರೆ ಒಣಸೀಮೆಯವನು ತನ್ನ ಹವೆಯನ್ನು ನಂಬಿ ನಿಶ್ಚಿಂತನಾಗುವಂತಿಲ್ಲ. ಗೂಟಕ್ಕೆ ತೂಗುಹಾಕಿದ ಕೋವಿಗೆ ಹಿರಿಯೂರಿನ ಗಾಳಿ ಹಿತವಾದರೂ, ಅಂಗಿಯ ಕೆಳಗೆ ಮೈಗೆ ಅಂಟಿಕೊಂಡಿರುವ ರಿವಾಲ್ವರಿಗೆ ಅದೇ ಊರಿನ ಬೇಸಗೆಯೇ ಘಾತುಕ. ಸೆಕೆಯ ದಿನದಲ್ಲಿ ಸುರಿಯುವ ಬೆವರಿನಲ್ಲಿ ಉಪ್ಪಿದೆ. ಉಪ್ಪಿನ ಒಂದು ತೆಳುಪದರವು ಉಕ್ಕಿನ ಮೇಲೆ ಕುಳಿತು, ಗಾಳಿಯ ಅತ್ಯಲ್ಪ ತೇವವನ್ನೂ ತನ್ನತ್ತ ಸೆಳೆದುಕೊಂಡು, ಒಂದೆರಡು ರಾತ್ರಿಗಳಲ್ಲಿಯೇ ಕೆಂಪು ಚುಕ್ಕೆಗಳನ್ನು ಎಬ್ಬಿಸುತ್ತದೆ.

ಈ ಸೀಮೆ ಕಬ್ಬಿಣವನ್ನು ಕೊಂಡು ತಂದ ಸೀಮೆಯಲ್ಲ, ಕರಗಿಸಿ ತೆಗೆದ ಸೀಮೆ. ಚಿತ್ರದುರ್ಗ ಜಿಲ್ಲೆಯ ನಡುಭಾಗದಲ್ಲಿಯೂ ದಕ್ಷಿಣದಲ್ಲಿಯೂ ಅದಿರಿನಿಂದಲೂ, ಹಳ್ಳಗಳು ಹೊತ್ತು ತಂದ ಕರಿಮರಳಿನಿಂದಲೂ ಕಬ್ಬಿಣವನ್ನು ತೆಗೆಯುವ ಕಸುಬು 19ನೆಯ ಶತಮಾನದ ಉತ್ತರಾರ್ಧದವರೆಗೂ ಜೀವಂತವಾಗಿದ್ದುದನ್ನು ಮೈಸೂರು ಸಂಸ್ಥಾನದ ಗೆಜೆಟಿಯರಿನಲ್ಲಿ ಲೂಯಿ ರೈಸ್ ನಮೂದಿಸಿದ್ದಾರೆ. ಟಿಪ್ಪುವಿನ ಪತನದ ಮರುವರ್ಷ, ಎಂದರೆ 1800ರಲ್ಲಿ, ಈ ನಾಡಿನ ಸಂಚಾರಕ್ಕೆ ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ನೆರೆಯ ಮಧುಗಿರಿ, ಚನ್ನರಾಯದುರ್ಗಗಳ ಕಡೆಯಲ್ಲಿ ಉಕ್ಕು ಮಾಡುವ ವಿಧಾನವನ್ನು ವಿಸ್ತಾರವಾಗಿ ಬರೆದಿಟ್ಟಿದ್ದಾನೆ. ಮೆತು ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯೊಳಗಿಟ್ಟು, ಅದರೊಡನೆ ತಂಗಡಿ ಗಿಡದ ಕಡ್ಡಿಗಳನ್ನೂ ಒಂದೆರಡು ಹಸಿರೆಲೆಗಳನ್ನೂ ಸೇರಿಸಿ, ಮೂಸೆಯ ಬಾಯನ್ನು ಹಸಿಮಣ್ಣಿನಿಂದ ಮುಚ್ಚಿ, ಕುಲುಮೆಯಲ್ಲಿ ಸಾಲಾಗಿ ಜೋಡಿಸಿ, ತಿದಿಯೂದಿ ಕಾಯಿಸಿದಾಗ, ಸಸ್ಯದ ಇಂಗಾಲವನ್ನು ಹೀರಿದ ಕಬ್ಬಿಣವು ಕರಗಿ ಉಕ್ಕಾಗಿ ಇಳಿಯುತ್ತಿದ್ದಿತು. ಐರೋಪ್ಯರು ವೂಟ್ಜ್ ಎಂದು ಕರೆದು, 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಚರ್ಚಿಸಿ, ಕಾಲು ಶತಮಾನದ ಬಳಿಕ ಮೈಕೆಲ್ ಫ್ಯಾರಡೆಯಂಥ ಮಹಾವಿಜ್ಞಾನಿಯು ಪ್ರಯೋಗಶಾಲೆಯಲ್ಲಿ ಅನುಕರಿಸಲು ಹೆಣಗಿದ ಉಕ್ಕು ಈ ಜಾತಿಯದೇ. ಈ ತಂಗಡಿ ಗಿಡವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ದುರ್ಗದ ಬಯಲಿನಲ್ಲಿ ಯಾರೂ ನೀರೆರೆಯದೆ ಬೆಳೆದು ಹಳದಿ ಹೂ ಬಿಡುವ ಈ ಪೊದೆ ನಮ್ಮ ಕಥೆಯಲ್ಲಿ ಇನ್ನೊಮ್ಮೆ ಬರಬೇಕಾಗಿದೆ, ಆಗ ಅದು ಉಕ್ಕಿನ ಮಿತ್ರನಾಗಿರುವುದಿಲ್ಲ.

ಉಕ್ಕಿಗೆ ಬಣ್ಣ ಬರುವ ಮೊದಲ ಬಗೆಯನ್ನು ಯಾವ ಪುಸ್ತಕವನ್ನೂ ಓದದ ಹಳ್ಳಿಯ ಕಮ್ಮಾರನು ನಿತ್ಯವೂ ಕಾಣುತ್ತಾನೆ. ಉಳಿಯನ್ನು ಕಾಯಿಸಿ ನೀರಿಗದ್ದಿ, ತುದಿಯನ್ನು ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಹದವಾಗಿ ಬಿಸಿಯೇರಿಸಿದಾಗ, ಆ ಬಿಳುಪಿನ ಮೇಲೆ ಮೊದಲು ಒಣಹುಲ್ಲಿನ ಹಳದಿ, ಬಳಿಕ ಕಂದು, ಬಳಿಕ ನೇರಳೆ, ಕಡೆಗೆ ಸುಮಾರು 300 ಡಿಗ್ರಿಯಲ್ಲಿ ಅಚ್ಚ ನೀಲಿ ಓಡಿಬರುತ್ತದೆ. ಯಾವ ಬಣ್ಣದಲ್ಲಿ ನಿಲ್ಲಿಸಿದರೆ ಯಾವ ಹದವೆಂಬುದು ಅವನಿಗೆ ಕಣ್ಣಳತೆಯ ವಿದ್ಯೆ. ಈ ಬಣ್ಣಗಳು ಹೊರಗಿನಿಂದ ಬಳಿದವುಗಳಲ್ಲ. ಉಕ್ಕು ತನ್ನ ಮೈಮೇಲೆ ತಾನೇ ಬೆಳೆಸಿಕೊಂಡ ಆಕ್ಸೈಡಿನ ಪೊರೆ ದಪ್ಪವಾಗುತ್ತ ಹೋದಂತೆ ಬೆಳಕು ಬೇರೆ ಬೇರೆಯಾಗಿ ಕಾಣುವ ಪರಿಣಾಮ ಅದು. ಮುಂದೆ ಯುರೋಪಿನ ಕೋವಿಗಾರರು ನೀಲಿ ಬಣ್ಣದ ಆಯುಧಗಳಿಗೆ ಹೆಸರಾದರೆ, ಅದರ ಬೀಜ ಎಲ್ಲ ದೇಶಗಳ ಕುಲುಮೆಯಲ್ಲಿಯೂ ಇದ್ದಿತೆಂಬುದನ್ನು ನಾವು ಮರೆಯಬಾರದು.

ನಾಯಕರ ಕಾಲದ ದುರ್ಗದಲ್ಲಿ ಆಯುಧದ ರಕ್ಷಣೆಯೆಂದರೆ ಮುಖ್ಯವಾಗಿ ಎಣ್ಣೆ, ಮತ್ತು ಎಣ್ಣೆ ಹಚ್ಚುವ ಕೈ. ಹೊಳಲ್ಕೆರೆಯ ನಾಯಕತನದಿಂದ ಮೇಲೇರಿ ದುರ್ಗದ ಮೇಲೆ ನೆಲೆಯೂರಿದ ತಿಮ್ಮಣ್ಣನಾಯಕನಿಂದ ಹಿಡಿದು ಕೊನೆಯ ಮದಕರಿಯವರೆಗೆ ಎರಡು ಶತಮಾನಗಳ ಕಾಲ ಈ ಬೇಡ ಅರಸರು ಒಂದು ದೊಡ್ಡ ಶಸ್ತ್ರಸಂಗ್ರಹವನ್ನು ಸದಾ ಸಿದ್ಧವಾಗಿರಿಸಬೇಕಾಗಿದ್ದಿತು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಹೊಸದುರ್ಗದ ಬೆಟ್ಟದ ಮೇಲೆ ಕೋಟೆಯೆದ್ದುದೂ ಈ ಸಿದ್ಧತೆಯ ಭಾಗವೇ. ಮೇಲುದುರ್ಗದ ತುಪ್ಪದ ಕೊಳದ ಬತೇರಿಯ ಹೆಸರನ್ನು ಇಂದಿಗೂ ಕೇಳುತ್ತೇವೆ. ಮುತ್ತಿಗೆಯ ದಿನಗಳಿಗಾಗಿ ತುಪ್ಪ, ಎಣ್ಣೆಗಳನ್ನು ಅಲ್ಲಿ ಕೂಡಿಡುತ್ತಿದ್ದರೆಂದು ಊರವರು ಹೇಳುತ್ತಾರೆ. ಆದರೆ ಎಲ್ಲ ಎಣ್ಣೆಯೂ ಉಕ್ಕಿಗೆ ಒಂದೇ ಅಲ್ಲ. ಅಗಸೆ, ಹುಚ್ಚೆಳ್ಳಿನ ಎಣ್ಣೆಗಳು ಗಾಳಿಗೆ ಒಣಗಿ ಅಂಟಾದ ಪೊರೆಯಾಗುತ್ತವೆ. ಅಲಗಿನ ಮೇಲೆ ಅದು ರಕ್ಷೆಯಾದೀತು, ಕೋವಿಯ ಚಲಿಸುವ ಭಾಗಗಳಲ್ಲಿ ಅದೇ ಅಡ್ಡಿಯಾದೀತು. ಕಡಲೆಕಾಯಿ, ಕೊಬ್ಬರಿಗಳ ಎಣ್ಣೆ ಹಳತಾದಂತೆ ಕಮಟುಗಟ್ಟಿ, ಅದರಲ್ಲಿ ಹುಟ್ಟಿದ ಆಮ್ಲವೇ ಲೋಹವನ್ನು ಕಚ್ಚತೊಡಗುತ್ತದೆ. ಹರಳೆಣ್ಣೆ ಮಾತ್ರ ಗಟ್ಟಿಯಾಗಿಯೂ, ಬೇಗ ಒಣಗದೆಯೂ ಉಳಿಯುವ ಗುಣವುಳ್ಳದ್ದು. ಯಾವ ಎಣ್ಣೆಯಾದರೂ ಆಗಾಗ ಒರಸಿ ಹೊಸದಾಗಿ ಹಚ್ಚಬೇಕಾದುದೇ. ಸಸ್ಯತೈಲದ ಯುಗದಲ್ಲಿ ಒಮ್ಮೆ ಮಾಡಿ ಮರೆಯಬಹುದಾದ ಉಪಾಯವೇ ಇರಲಿಲ್ಲ.

ಆ ಆಗಾಗ ಮಾಡಬೇಕಾದ ಕೆಲಸಕ್ಕೆ ನಮ್ಮ ಹಿರಿಯರು ಒಂದು ತಿಥಿಯನ್ನು ಗೊತ್ತುಮಾಡಿದರು. ಮಹಾನವಮಿಯ ಆಯುಧಪೂಜೆಯನ್ನು ಕೇವಲ ಭಕ್ತಿಯ ಆಚರಣೆಯೆಂದು ನೋಡುವವರು ಅದರ ಅರ್ಧವನ್ನು ಮಾತ್ರ ಕಂಡಂತೆ. ಮಳೆಗಾಲದ ನಾಲ್ಕು ತಿಂಗಳು ಮೂಲೆಯಲ್ಲಿ ಬೆಚ್ಚಗೆ, ಎಂದರೆ ಕಬ್ಬಿಣಕ್ಕೆ ಅತ್ಯಂತ ಅಪಾಯಕರವಾದ ತೇವದಲ್ಲಿ, ಕಳೆದ ಆಯುಧಗಳನ್ನೆಲ್ಲ ಒಂದೂ ಬಿಡದೆ ಹೊರಗೆ ತೆಗೆದು, ತಿಕ್ಕಿ, ತೊಳೆದು, ಬಿಸಿಲಿಗಿಟ್ಟು, ಎಣ್ಣೆ ಸವರಿ, ದೇವರ ಮುಂದೆ ಜೋಡಿಸುವ ಕಟ್ಟಳೆ ಅದು. ಮಳೆ ಹಿಂದೆಗೆದು ದಂಡಯಾತ್ರೆಯ ಕಾಲ ಮೊದಲಾಗುವ ಸಂಧಿಯಲ್ಲಿಯೇ ಅದು ಬರುತ್ತದೆ. ವಿಜಯನಗರದಿಂದ ಬಂದ ಈ ಹಬ್ಬವನ್ನು ಅದರ ಮಾಂಡಲಿಕರಾಗಿದ್ದ ಪಾಳೆಯಗಾರರೂ ಮುಂದುವರಿಸಿದರು. ಇಂದು ಚಳ್ಳಕೆರೆಯ ಎಣ್ಣೆಗಿರಣಿಯ ಯಂತ್ರಕ್ಕೂ, ಹೊಸದುರ್ಗದ ರೈತನ ಟ್ರಾಕ್ಟರಿಗೂ, ಪೋಲೀಸು ಠಾಣೆಯ ಬಂದೂಕಿಗೂ ಅದೇ ಗೌರವ ಸಲ್ಲುತ್ತಿದೆ. ಒಂದು ಎಚ್ಚರಿಕೆಯನ್ನು ಮಾತ್ರ ಭಕ್ತರು ಮನ್ನಿಸಿ ಕೇಳಬೇಕು: ಅರಿಸಿನ, ಕುಂಕುಮ, ಗಂಧಗಳ ತೇವ, ಅದರಲ್ಲಿಯೂ ನಿಂಬೆಯ ಹುಳಿ, ಉಕ್ಕಿನ ಮೇಲೆ ರಾತ್ರಿಯಿಡೀ ಉಳಿದರೆ ಕಲೆಯನ್ನು ಕೊರೆಯುತ್ತವೆ, ಪೂಜೆಯಾದ ಮೇಲೆ ಒರಸಿ ಮತ್ತೆ ಎಣ್ಣೆ ಹಚ್ಚಿದಾಗಲೇ ಆ ವಿಧಿ ಪೂರ್ಣವಾಯಿತೆಂದು ತಿಳಿಯಬೇಕು.

ಕೋವಿ ಬಂದ ಮೇಲೆ ಉಕ್ಕಿಗೆ ಒಳಗಿನಿಂದಲೂ ಶತ್ರು ಹುಟ್ಟಿದನು. ದುರ್ಗದ ಕೋಟೆಯೊಳಗೆ ಮದ್ದು ಬೀಸುತ್ತಿದ್ದ ಬೃಹದಾಕಾರದ ಕಲ್ಲುಗಳನ್ನು ಇಂದಿಗೂ ನೋಡಬಹುದು. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಆ ಮದ್ದು ಉರಿದಾದ ಮೇಲೆ ನಳಿಗೆಯಲ್ಲಿ ಉಳಿಯುವ ಕಿಟ್ಟವು ಬಹುಮಟ್ಟಿಗೆ ಲವಣಮಯವಾದುದು. ಅದು ಗಾಳಿಯ ನೀರನ್ನು ಹೀರಿ ಒಂದೇ ರಾತ್ರಿಯಲ್ಲಿ ನಳಿಗೆಯನ್ನು ತಿನ್ನಲು ತೊಡಗುತ್ತದೆ. ಎಣ್ಣೆಯಲ್ಲಿ ಲವಣ ಕರಗದು, ನೀರಿನಲ್ಲಿ ಕರಗುತ್ತದೆ. ಆದುದರಿಂದ ಕಬ್ಬಿಣಕ್ಕೆ ನೀರೇ ಶತ್ರುವೆಂದು ತಿಳಿದ ಕೋವಿಗಾರನೂ ನಳಿಗೆಗೆ ಕುದಿಯುವ ನೀರನ್ನು ಹೊಯ್ದು ತೊಳೆಯಲೇಬೇಕಾಯಿತು. ಕುದಿನೀರೇ ಏಕೆಂದರೆ ಕಾದ ಉಕ್ಕು ತಾನಾಗಿ ಬೇಗ ಒಣಗುತ್ತದೆ.

1779ರ ಬಳಿಕ ದುರ್ಗ ಮೈಸೂರಿನ ವಶವಾಯಿತು. ಟಿಪ್ಪು ಸುಲ್ತಾನನು ಶಸ್ತ್ರಾಸ್ತ್ರಗಳ ತಯಾರಿಕೆಗೆ ಏರ್ಪಡಿಸಿದ ಕಾರಖಾನೆಗಳು ಶ್ರೀರಂಗಪಟ್ಟಣ, ಬೆಂಗಳೂರು, ಬಿದನೂರು ಇವುಗಳೊಡನೆ ಚಿತ್ರದುರ್ಗದಲ್ಲಿಯೂ ಇದ್ದವು. ಕಬ್ಬಿಣದ ನೆಲೆ ಸಮೀಪದಲ್ಲಿರುವುದು ಈ ಆಯ್ಕೆಗೆ ಸಹಾಯಕವಾಗಿದ್ದಿರಬೇಕು. ಶ್ರೀರಂಗಪಟ್ಟಣದಲ್ಲಿ ತಯಾರಾದ ಸುಲ್ತಾನನ ಸ್ವಂತ ಕೋವಿಗಳಲ್ಲಿ ಉಕ್ಕಿನ ಮೇಲೆ ಬೆಳ್ಳಿಯನ್ನು ಕೂರಿಸಿ ಹುಲಿಯ ಮುಖಗಳನ್ನೂ ಹುಲಿಪಟ್ಟೆಗಳನ್ನೂ ಮೂಡಿಸಿದ ಕೆಲಸ ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿ ಇಂದು ರಾರಾಜಿಸುತ್ತಿದೆ. ಆದರೆ ರಾಜನ ಕೋವಿಗೆ ದೊರೆತ ಆರೈಕೆ ಸಾಮಾನ್ಯ ಶಸ್ತ್ರಗಳಿಗೆ ದೊರೆಯಲಿಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರಿನ ಪಾಳು ಬಾವಿಯೊಂದರಲ್ಲಿ ಸಾವಿರಕ್ಕೂ ಮಿಕ್ಕಿ ಕಬ್ಬಿಣದ ರಾಕೆಟ್ಟುಗಳು ಹೊರಬಿದ್ದಾಗ, ಅವು ಮಲೆನಾಡಿನ ಕೆಸರಿನಲ್ಲಿ ಶತಮಾನಗಳ ಕಾಲ ನೆನೆದು ತುಕ್ಕಿನ ಮುದ್ದೆಗಳಂತಾಗಿದ್ದುವು. ಒಂದೇ ರಾಜ್ಯದ ಒಂದೇ ಕಾಲದ ಕಬ್ಬಿಣ ಅವೆರಡೂ. ಭೇದ ಬಂದುದು ಕಾಪಿನಲ್ಲಿ.

ನಮ್ಮ ನಾಡಿನಲ್ಲಿಯೇ ಲೋಹವನ್ನು ಕರಿದು ಮಾಡುವ ಇನ್ನೊಂದು ಪ್ರೌಢ ವಿದ್ಯೆ ಬೆಳೆದಿರುವುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಬೀದರಿನ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯನ್ನು ಕೆತ್ತಿ ಕೂರಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಿಸಿಯಾಗಿ ಹಚ್ಚಿದಾಗ, ತಳದ ಲೋಹವು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿಯು ಮಾತ್ರ ಮುನ್ನಿನಂತೆ ಬೆಳಗುತ್ತದೆ. ಅನ್ನಭೇದಿಯನ್ನು ಅಳಲೆಕಾಯಿಯ ಕಷಾಯಕ್ಕೆ ಸೇರಿಸಿ ಲೇಖಕರು ಕಾಯಿಸುತ್ತಿದ್ದ ಮಸಿಯೂ ಕಬ್ಬಿಣ ಮತ್ತು ಸಸ್ಯದ ಒಗರು ಕೂಡಿ ಹುಟ್ಟಿದ ಕಪ್ಪೇ. ಇಂದಿನ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಕಬ್ಬಿಣದ ತುಕ್ಕನ್ನು ಅದೇ ಜಾತಿಯ ಒಗರಿನ ಆಮ್ಲದಿಂದ ಕರಿಯ, ಸ್ಥಿರವಾದ ಪದರವನ್ನಾಗಿ ಮಾರ್ಪಡಿಸಿ, ಮೇಲೆ ಮೇಣವನ್ನು ಸವರಿ ಇಡುವ ಪದ್ಧತಿಯಿದೆ. ಹೀಗೆ ಕಪ್ಪನ್ನು ಕಾಪಾಗಿ ಬಳಸುವ ರಸಾಯನ ನಮಗೆ ಹೊಸದಲ್ಲ. ಅದನ್ನು ಕೋವಿಯ ನಳಿಗೆಗೆ ಕ್ರಮಬದ್ಧವಾಗಿ ಅನ್ವಯಿಸಿದವರು ಮಾತ್ರ ಹೊರಗಿನವರು.

ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳು ಮೊದಲಿಗೆ ತಮ್ಮ ಕೋವಿಯ ನಳಿಗೆಯನ್ನು ಇಟ್ಟಿಗೆಪುಡಿಯಿಂದ ತಿಕ್ಕಿ ಬೆಳ್ಳಗೆ ಹೊಳೆಯಿಸಬೇಕಾಗಿದ್ದಿತು. ಹೊಳಪಿನ ಆಸೆಗೆ ನಳಿಗೆಗಳು ಸವೆದು ತೆಳುವಾದುವು. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟಿಷ್ ಸೈನ್ಯವು ಈ ಮರುಳನ್ನು ಬಿಟ್ಟು ನಳಿಗೆಗಳನ್ನು ಕಂದುಗೊಳಿಸುವ ಕ್ರಮಕ್ಕೆ ತಿರುಗಿತು. ಆಮ್ಲ, ಮೈಲುತುತ್ತ ಮೊದಲಾದವುಗಳ ದ್ರವವನ್ನು ತೆಳುವಾಗಿ ಸವರಿ, ಬೇಕೆಂದೇ ಒಂದು ನವುರಾದ ತುಕ್ಕನ್ನು ಬರಿಸಿ, ಅದನ್ನು ಕುಂಚದಿಂದ ತಿಕ್ಕಿ, ಮತ್ತೆ ಸವರಿ, ಹಲವು ದಿನ ಹೀಗೆಯೇ ನಡೆಸಿದರೆ ಬಿಗಿಯಾದ ಕಂದುಪದರ ನಿಲ್ಲುತ್ತದೆ. ನಡುನಡುವೆ ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ಆಕ್ಸೈಡು ಕರಿಯ ಆಕ್ಸೈಡಾಗಿ ಮಾರ್ಪಟ್ಟು ಗಾಢ ನೀಲಿಗಪ್ಪು ಬರುತ್ತದೆ. ಬ್ಲೂಯಿಂಗ್ ಎಂದು ಪ್ರಸಿದ್ಧವಾದ ಸಂಸ್ಕಾರಗಳಲ್ಲಿ ಅತ್ಯಂತ ಬಾಳಿಕೆಯದೆಂದು ಬಲ್ಲವರು ಇಂದಿಗೂ ಮೆಚ್ಚುವುದು ಈ ನಿಧಾನದ ಕ್ರಮವನ್ನೇ. ತುಕ್ಕಿನಿಂದಲೇ ತುಕ್ಕಿಗೆ ತಡೆಯನ್ನು ಕಟ್ಟುವ ಈ ಉಪಾಯದಲ್ಲಿ ನನಗೆ ಮಾನವಬುದ್ಧಿಯ ಒಂದು ಉನ್ನತ ಘಟ್ಟ ಕಾಣುತ್ತದೆ. ಮುಂದೆ ಕಾರಖಾನೆಗಳು ಅವಸರಕ್ಕೆ ಬಿದ್ದು, ಕಾಸ್ಟಿಕ್ ಸೋಡವನ್ನೂ ನೈಟ್ರೇಟು ಲವಣವನ್ನೂ ಸುಮಾರು 140 ಡಿಗ್ರಿಗೆ ಕಾಯಿಸಿದ ತೊಟ್ಟಿಯಲ್ಲಿ ಆಯುಧಗಳನ್ನು ಮುಳುಗಿಸಿ, ದಿನಗಳ ಕೆಲಸವನ್ನು ಅರ್ಧ ತಾಸಿನಲ್ಲಿ ಮುಗಿಸಿದುವು. ನೋಟಕ್ಕೆ ಅದು ಕಡಿಮೆಯಲ್ಲ. ಆದರೆ ಪದರ ತೀರ ತೆಳುವು, ಎಣ್ಣೆಯ ಆಸರೆಯಿಲ್ಲದೆ ಬೆವರಿನ ಎದುರು ನಿಲ್ಲುವ ಶಕ್ತಿ ಅದಕ್ಕೆ ಸ್ವಲ್ಪವೇ.

ಅಷ್ಟರಲ್ಲಿ ಆಯುಧವು ಸಾಮಾನ್ಯನ ಮನೆಯಿಂದ ಮರೆಯಾಗತೊಡಗಿದ್ದಿತು. 1857ರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಒಪ್ಪದೆ ಮುಧೋಳ ಸೀಮೆಯ ಹಲಗಲಿಯ ಬೇಡರು ತಮ್ಮ ಶಸ್ತ್ರಗಳನ್ನು ಒಪ್ಪಿಸಲಾರೆವೆಂದು ಹೋರಾಡಿ ಪ್ರಾಣವನ್ನೇ ತೆತ್ತರು. ದುರ್ಗದ ನಾಯಕರದೇ ಕುಲದವರ ಆ ಕಥೆಯನ್ನು ಲಾವಣಿಕಾರರು ಉಳಿಸಿಕೊಟ್ಟಿದ್ದಾರೆ. 1878ರ ಶಸ್ತ್ರಶಾಸನವು ಪರವಾನಗಿಯ ಪದ್ಧತಿಯನ್ನು ಬಿಗಿಗೊಳಿಸಿತು. ಆದರೆ ಕೊಡಗಿನವರಿಗೆ ವಿನಾಯಿತಿ ಉಳಿಯಿತು. ಮಳೆಯ ಆ ನಾಡಿನಲ್ಲಿ ಕೈಲ್ ಪೊಳ್ದು ಹಬ್ಬದ ದಿನ ತೋಕ್ ಹೂವಿನಿಂದ ಕೋವಿಯನ್ನು ಅಲಂಕರಿಸುವ ಮನೆಗಳಲ್ಲಿ ಕೋವಿಯನ್ನು ಒರಸಿ ಇಡುವ ಅಭ್ಯಾಸವೂ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿದೆ. ದುರ್ಗದ ಬಯಲಿನಲ್ಲಿ ಹಾಗಾಗಲಿಲ್ಲ. ಶಸ್ತ್ರ ಹೋದಂತೆ ಶಸ್ತ್ರದ ಆರೈಕೆಯ ಅರಿವೂ ಹೋಯಿತು. ಬೆಳೆಯನ್ನು ಹಂದಿಯಿಂದ ಕಾಯಲು ಪರವಾನಗಿ ಪಡೆದ ರೈತನ ಒಂಟಿನಳಿಗೆಯ ಬಂದೂಕು, ಸ್ವರಕ್ಷಣೆಗೆಂದು ವರ್ತಕರೋ ತೋಟದ ಯಜಮಾನರೋ ಇಟ್ಟುಕೊಂಡ ರಿವಾಲ್ವರು, ಇವಿಷ್ಟೇ ಉಳಿದ ಪರಂಪರೆ.

ರಿವಾಲ್ವರಿನ ಜನನವನ್ನು 1836ರ ಕೋಲ್ಟನ ಹಕ್ಕುಪತ್ರದಿಂದ ಎಣಿಸುವುದು ರೂಢಿ. ಭಾರತದಲ್ಲಿ ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿ ವೆಬ್ಲಿ ಕಂಪನಿಯ ನೀಲಿಗಪ್ಪಿನ ರಿವಾಲ್ವರುಗಳು ತೂಗಿದುವು. 1870ರ ದಶಕದಿಂದ ಅಮೆರಿಕದಲ್ಲಿ ನಿಕ್ಕಲ್ ಲೇಪದ ಬೆಳ್ಳನೆಯ ರಿವಾಲ್ವರುಗಳು ಜನಪ್ರಿಯವಾದುವು. ವಿದ್ಯುತ್ತಿನ ಬಲದಿಂದ ಒಂದು ಲೋಹದ ಮೇಲೆ ನಿಕ್ಕಲನ್ನು ಹೊದಿಸುವ ಕಲೆ ಆಗ ಹೊಸದು. ನಿಕ್ಕಲ್ ತುಕ್ಕು ಹಿಡಿಯದು, ನೋಡಲು ಚೆಂದ. ಆದರೆ ನಮ್ಮ ಹಿತ್ತಾಳೆ ಪಾತ್ರೆಯ ಕಲಾಯಿ ಒಂದೆಡೆ ಸವೆದಾಗ ಅಲ್ಲಿಂದಲೇ ಕಿಲುಬು ಮೊದಲಾಗುವಂತೆ, ನಿಕ್ಕಲಿನ ಹೊದಿಕೆಯಲ್ಲಿ ಒಂದು ಗೀರು ಬಿದ್ದರೆ ತುಕ್ಕು ಅದರಡಿಯಲ್ಲಿ ನುಸುಳಿ ಹಬ್ಬಿ, ಕಡೆಗೆ ಹೊದಿಕೆಯೇ ಸಿಪ್ಪೆಯಾಗಿ ಏಳುತ್ತದೆ. ಪಾತ್ರೆಗೆ ವರ್ಷಕ್ಕೊಮ್ಮೆ ಕಲಾಯಿಯವನು ಮನೆಬಾಗಿಲಿಗೆ ಬರುತ್ತಿದ್ದನು. ರಿವಾಲ್ವರಿಗೆ ಅಂಥವನು ಹತ್ತಿರದಲ್ಲಿ ಇರಲಿಲ್ಲ.

ಇನ್ನು ತಂಗಡಿಗೆ ಮರಳೋಣ. ಅದರ ತೊಗಟೆಯಲ್ಲಿ ಹೇರಳವಾದ ಒಗರಿದೆ. ದಕ್ಷಿಣ ಭಾರತದ ಚರ್ಮಕಾರರು ತಲೆತಲಾಂತರದಿಂದ ತೊಗಲನ್ನು ಹದಮಾಡಿದುದು ಹೆಚ್ಚಾಗಿ ಅದರಿಂದಲೇ. 20ನೆಯ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದ್ರಾಸಿನಲ್ಲಿ ಕ್ರೋಮ್ ಹದವನ್ನು ಪ್ರಚಾರಕ್ಕೆ ತಂದರೂ ತೊಗಟೆಯ ಹದ ಬಹುಕಾಲ ನಡೆಯಿತು. ಇಂಥ ತೊಗಲಿನ ಒರೆಯಲ್ಲಿ ರಿವಾಲ್ವರನ್ನು ಹಾಕಿ ತಿಂಗಳುಗಟ್ಟಲೆ ಬೀರುವಿನಲ್ಲಿ ಇಡುವುದು ನಮ್ಮಲ್ಲಿ ಬಹು ಸಾಮಾನ್ಯವಾದ, ಬಹು ಹಾನಿಕರವಾದ ವಾಡಿಕೆ. ತೊಗಲು ಬೆವರನ್ನೂ ಗಾಳಿಯ ತೇವವನ್ನೂ ಹೀರಿ ಹಿಡಿದಿಡುತ್ತದೆ. ಅದರಲ್ಲಿ ಉಳಿದ ಒಗರಿನ ಆಮ್ಲ ಉಕ್ಕಿಗೆ ತಾಗುತ್ತದೆ. ಮೂಸೆಯೊಳಗೆ ಉಕ್ಕಿಗೆ ಜನ್ಮಕೊಟ್ಟ ಗಿಡವೇ ಒರೆಯಾಗಿ ಬಂದು ಅದನ್ನು ತಿನ್ನುತ್ತದೆ! ರಿವಾಲ್ವರು ಸವೆಯುವ ಜಾಗಗಳನ್ನು ನೋಡಿದರೆ ಈ ಒರೆಯ ಕೈವಾಡ ಸ್ಪಷ್ಟವಾಗುತ್ತದೆ: ನಳಿಗೆಯ ತುದಿಯ ಅಂಚು, ಗುಂಡುಗಳನ್ನು ತುಂಬುವ ಉರುಳೆಯ ಮುಂದಿನ ಏಣುಗಳು, ಹಿಡಿಯ ಬಳಿಯ ಚೌಕಟ್ಟು. ಇವುಗಳಲ್ಲಿ ಮೊದಲಿನೆರಡು ತೊಗಲಿಗೆ ತಿಕ್ಕಿ ಬೆಳ್ಳಗಾದವು. ಮೂರನೆಯದು ಅಂಗೈಯ ಬೆವರಿಗೆ ಕಂದಿದುದು. ಬಣ್ಣವೆಲ್ಲ ಒಂದೇ ಕಾರಣದಿಂದ ಹೋಯಿತೆಂದು ತಿಳಿದು ಲೇಪವನ್ನು ಆರಿಸುವವನು ತಪ್ಪು ಹಾದಿಯಲ್ಲಿ ನಡೆಯುತ್ತಾನೆ.

ಯುದ್ಧಗಳು ಚೆಲುವಿಗಿಂತ ಬಾಳಿಕೆಯನ್ನು ಬಯಸಿದುವು. 1906ರಲ್ಲಿ ಇಂಗ್ಲೆಂಡಿನ ಥಾಮಸ್ ಕಾಸ್ಲೆಟ್ ಎಂಬವನು ಕಬ್ಬಿಣವನ್ನು ಫಾಸ್ಫಾರಿಕ್ ಆಮ್ಲದ ಬಿಸಿದ್ರವದಲ್ಲಿ ಕುದಿಸಿ ಬೂದುಗಪ್ಪು ಪದರವನ್ನು ಬರಿಸುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. 1915ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಪಾರ್ಕರ್ ಸಂಸ್ಥೆಯಿಂದ ಅದಕ್ಕೆ ಪಾರ್ಕರೈಸಿಂಗ್ ಎಂಬ ಹೆಸರು ನಿಂತಿತು. ಈ ಪದರ ಒರಟು, ಮಂಕು. ಆದರೆ ಸೂಕ್ಷ್ಮರಂಧ್ರಗಳಿಂದ ಕೂಡಿರುವುದರಿಂದ ಎಣ್ಣೆಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆ ಹಚ್ಚುವ ಕೈಯ ಮರೆವನ್ನು ಇದು ಕೆಲಕಾಲ ಕ್ಷಮಿಸುತ್ತದೆ. ಎರಡನೆಯ ಮಹಾಯುದ್ಧದ ಬಳಿಕ ಬ್ರಿಟಿಷ್ ಸೈನ್ಯ ಇದರ ಮೇಲೆ ಕಾಯಿಸಿ ಗಟ್ಟಿಮಾಡಿದ ಕರಿಬಣ್ಣವನ್ನೂ ಬಳಿಯಿತು. 1920ರ ದಶಕದಿಂದ ಕ್ರೋಮಿಯಂ ಲೇಪ ಕೈಗಾರಿಕೆಗೆ ಬಂದಿತು. ಅದರ ಗಟ್ಟಿಜಾತಿಯು ಅರಕ್ಕೂ ಬಗ್ಗದಷ್ಟು ಕಠಿಣ. 1965ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ತುಕ್ಕುರಹಿತ ಉಕ್ಕಿನ ರಿವಾಲ್ವರನ್ನೇ ಹೊರತಂದಾಗ ಲೇಪದ ಪ್ರಶ್ನೆಗೆ ಮೂಲದಲ್ಲಿಯೇ ಒಂದು ಉತ್ತರ ದೊರೆತಂತಾಯಿತು. ನಮ್ಮ ದೇಶದಲ್ಲಿ ಕಾನ್ಪುರದ ಸರ್ಕಾರಿ ಕಾರಖಾನೆಗಳು ನಾಗರಿಕರಿಗಾಗಿ .32 ಅಳತೆಯ ರಿವಾಲ್ವರುಗಳನ್ನು ತಯಾರಿಸುತ್ತಿವೆ. 2014ರಲ್ಲಿ ಅವು ಹೊರತಂದ ನಿರ್ಭೀಕ್ ಎಂಬ ಹಗುರಾದ ರಿವಾಲ್ವರಿಗೆ ಟೈಟಾನಿಯಂ ಮಿಶ್ರಲೋಹವನ್ನು ಬಳಸಿದರು. ಈಚಿನ ವರ್ಷಗಳಲ್ಲಿ ಪಿಂಗಾಣಿಯ ಸೂಕ್ಷ್ಮಕಣಗಳು ಸೇರಿದ, ಸಿಂಪಡಿಸಿ ಒಲೆಯಲ್ಲಿ ಕಾಯಿಸುವ ಸೆರಾಕೋಟ್ ಮೊದಲಾದ ಲೇಪಗಳೂ ಬಂದಿವೆ.

ಹಾಗಾದರೆ ಹಳೆಯ ಉಕ್ಕಿನ, ಬಣ್ಣ ಸವೆದ, ದಿನವೂ ಮೈಮೇಲಿರುವ ರಿವಾಲ್ವರಿಗೆ ಯಾವುದು ತಕ್ಕುದು? ನನ್ನ ವಿಚಾರ ಹೀಗಿದೆ. ಆಯುಧವು ಹಿರಿಯರ ಕಾಲದ್ದಾಗಿ, ಅಪರೂಪಕ್ಕೆ ಹೊರಬರುವುದಾಗಿದ್ದರೆ, ಅದಕ್ಕೆ ನಿಧಾನದ ತುಕ್ಕು-ನೀಲಿಯ ಸಂಸ್ಕಾರವೇ ಶೋಭಿಸುವುದು. ಅದರ ಮೈಗೆ ಅದು ಹುಟ್ಟಿದ ಕಾಲದ ಬಣ್ಣವೇ ಮರಳುತ್ತದೆ, ಒರಸಿ ಎಣ್ಣೆಯಿಡುವ ಮನೆಯವರಿದ್ದರೆ ಇನ್ನೆರಡು ತಲೆಮಾರು ನಿಲ್ಲುತ್ತದೆ. ನಿತ್ಯವೂ ಬೆವರು ತಾಗುವುದಾಗಿದ್ದರೆ ನೀಲಿಯನ್ನು ಆಶಿಸುವುದು ವ್ಯರ್ಥ. ಆಗ ಗಟ್ಟಿ ಕ್ರೋಮಿಯಂ, ಇಲ್ಲವೆ ವಿದ್ಯುತ್ತಿಲ್ಲದೆ ರಾಸಾಯನಿಕವಾಗಿ ಮೂಲೆಮೂಲೆಗೂ ಸಮವಾಗಿ ಕೂರುವ ನಿಕ್ಕಲ್, ಇವೆರಡರಲ್ಲೊಂದನ್ನು ಒಪ್ಪಬೇಕು. ಕ್ರೋಮಿಯಂ ಲೇಪದ ವೇಳೆ ಉಕ್ಕು ಜಲಜನಕವನ್ನು ಹೀರಿ ಪೆಡಸಾಗುವ ಅಪಾಯವಿರುವುದರಿಂದ, ಬಳಿಕ ಅದನ್ನು ಕಾಯಿಸಿ ಆ ಅನಿಲವನ್ನು ಹೊರಗೆಡಹುವುದನ್ನು ಬಲ್ಲವರ ಕೈಯಲ್ಲಿಯೇ ಈ ಕೆಲಸ ಆಗತಕ್ಕುದು. ಮೋಟಾರು ಬಿಡಿಭಾಗಗಳಿಗೆ ಮಿರುಗು ಕೊಡುವ ಅಂಗಡಿಯು ಇದಕ್ಕೆ ಸ್ಥಳವಲ್ಲ. ಸಿಂಪಡಿಸುವ ಲೇಪಗಳು ಉಪ್ಪಿಗೆ ಜಗ್ಗುವುದಿಲ್ಲ, ನಿಜ. ಆದರೆ ಅವುಗಳ ದಪ್ಪ ಸುಮಾರು 25 ಮೈಕ್ರಾನು. ಉರುಳೆಯೂ ಚೌಕಟ್ಟೂ ಕೂದಲೆಳೆಯ ಅಂತರದಲ್ಲಿ ತಿರುಗುವ ರಿವಾಲ್ವರಿನಲ್ಲಿ ಆ ದಪ್ಪವೇ ತೊಡಕಾಗಬಲ್ಲುದು. ಒರೆಯ ಏಣುಗಳಲ್ಲಿ ಅವು ಸವೆಯುವುದೂ ಉಂಟು. ಲೇಪಕ್ಕಿಂತಲೂ ಮೊದಲು ಬದಲಾಗಬೇಕಾದುದು ಒರೆ, ಮತ್ತು ರಾತ್ರಿ ಒರೆಯಿಂದ ಹೊರತೆಗೆದಿಡುವ ಅಭ್ಯಾಸ.

ಯಾವ ಲೇಪವನ್ನು ಆರಿಸಿದರೂ ಅದರ ಮುನ್ನ ಉಕ್ಕನ್ನು ಉಜ್ಜಲೇಬೇಕು. ಕುಳಿಬಿದ್ದ ತುಕ್ಕನ್ನು ತೆಗೆಯುವ ಭರದಲ್ಲಿ ಹೆಚ್ಚು ಉಜ್ಜಿದರೆ ಏಣುಗಳು ಮೊಂಡಾಗುತ್ತವೆ, ಅಕ್ಷರಗಳು ಅಳಿಯುತ್ತವೆ. ಇಲ್ಲಿ ಕಾನೂನು ಅತ್ಯಂತ ನಿಷ್ಠುರವಾಗಿದೆ. 1959ರ ಶಸ್ತ್ರ ಅಧಿನಿಯಮದ 5ನೆಯ ಕಲಮಿನಂತೆ ಪರವಾನಗಿಯಿಲ್ಲದವರು ಬಂದೂಕಿನ ದುರಸ್ತಿಯನ್ನು ಕಸುಬಾಗಿ ನಡೆಸುವಂತಿಲ್ಲ. 8ನೆಯ ಕಲಮಿನಂತೆ ಆಯುಧದ ಮೇಲಿನ ಗುರುತಿನ ಸಂಖ್ಯೆಯನ್ನು ಅಳಿಸುವುದು, ತೆಗೆಯುವುದು, ಬದಲಿಸುವುದು ಅಪರಾಧ, ಮತ್ತು ಅಳಿದ ಸಂಖ್ಯೆಯ ಆಯುಧ ಯಾರ ಬಳಿ ದೊರೆಯಿತೋ ಅವನೇ ಅದನ್ನು ಅಳಿಸಿದನೆಂದು, ಬೇರೆ ರೀತಿಯಲ್ಲಿ ರುಜುವಾಗುವ ತನಕ, ನ್ಯಾಯಾಲಯ ಭಾವಿಸುತ್ತದೆ. ಆದುದರಿಂದ ದುರ್ಗದವನಾಗಲಿ, ಹಿರಿಯೂರಿನವನಾಗಲಿ, ತನ್ನ ರಿವಾಲ್ವರನ್ನು ಪರವಾನಗಿ ಪಡೆದ ದುರಸ್ತಿಗಾರನಿಗೆ ಕೊಡುವಾಗ ಸಂಖ್ಯೆಯನ್ನು ಪರವಾನಗಿ ಪುಸ್ತಕದೊಡನೆ ತಾಳೆ ನೋಡಿ, ರಸೀದಿಯಲ್ಲಿ ಬರೆಯಿಸಿ, ಆ ಭಾಗವನ್ನು ಉಜ್ಜುವ ಚಕ್ರಕ್ಕೆ ಒಡ್ಡಕೂಡದೆಂದು ಬಾಯಿಬಿಟ್ಟು ಹೇಳಿ, ಕೆಲಸ ಮುಗಿದ ಬಳಿಕ ಅದೇ ಸಂಖ್ಯೆಯನ್ನು ಬೆಳಕಿಗೆ ಹಿಡಿದು ಓದಿಕೊಳ್ಳಬೇಕು. ಚುನಾವಣೆ ಬಂದಾಗ ಪರವಾನಗಿಯ ಆಯುಧಗಳನ್ನು ಠಾಣೆಗೆ ಒಪ್ಪಿಸುವ ಆಜ್ಞೆ ಹೊರಡುವುದು ವಾಡಿಕೆ. ವಾರಗಟ್ಟಲೆ ಅಲ್ಲಿಯ ಕೊಠಡಿಯಲ್ಲಿ ಕುಳಿತಿರುವ ಆ ಅವಧಿಗಾಗಿ, ಹೊಸ ಲೇಪವಿದ್ದರೂ ಸರಿಯೇ, ತೊಗಲಿನ ಒರೆಯನ್ನು ಮನೆಯಲ್ಲಿಯೇ ಬಿಟ್ಟು, ಖನಿಜತೈಲವನ್ನು ತೆಳುವಾಗಿ ಸವರಿ, ಎಣ್ಣೆ ಹೀರಿದ ಹತ್ತಿಬಟ್ಟೆಯಲ್ಲಿ ಸುತ್ತಿ ಒಪ್ಪಿಸತಕ್ಕುದು.